ಕೆನೆ ಕದ್ದ ಹಕ್ಕಿಗಳು

ಸಾಫ್ಟ್‌ವೇರ್ ಕಂಪನಿಗಳಲ್ಲಿ ವರ್ಷಕ್ಕೆ ಒಂದೆರಡು ಸಲ ಟ್ರೈನಿಂಗ್ ಅಂತ ಕೂರಿಸುತ್ತಾರೆ. ಕೋಡಿಂಗಿನ ಟ್ರೈನಿಂಗ್ ಅಲ್ಲ, 'ಎಲ್ಲರೂ ಸೇರಿ ಕೆಲಸ ಮಾಡುವುದು ಹೇಗೆ' ಅನ್ನೋ ಥರದ್ದು. ಅಂಥ ಕಡೆ ಓಡಾಡುವ ಕಥೆಗಳಲ್ಲಿ ಒಂದು ಹಕ್ಕಿ ಕಥೆ ಇದೆ. ಐಟಿಯಲ್ಲಿರುವ ಗೆಳೆಯರು ಕೇಳಿರಬಹುದು. ಕೇಳದವರಿಗಾಗಿ ಚಿಕ್ಕದಾಗಿ ಹೇಳಿಬಿಡ್ತೀನಿ.

ಹಿಂದೆ ಇಂಗ್ಲೆಂಡಿನಲ್ಲಿ ಹಾಲಿನವನು ಬೆಳಗಿನ ಜಾವ ಮನೆ ಬಾಗಿಲಲ್ಲಿ ಗಾಜಿನ ಬಾಟಲಿ ಇಟ್ಟು ಹೋಗುತ್ತಿದ್ದ. ಮೊದಮೊದಲು ಬಾಟಲಿಗೆ ಮುಚ್ಚಳವೇ ಇರಲಿಲ್ಲವಂತೆ. ಟಿಟ್ ಅನ್ನೋ ಪುಟ್ಟ ಹಕ್ಕಿ, ರಾಬಿನ್ ಅನ್ನೋ ಇನ್ನೊಂದು ಹಕ್ಕಿ, ಎರಡೂ ಬಂದು ಮೇಲೆ ಕಟ್ಟಿದ ಕೆನೆಯನ್ನು ಆರಾಮಾಗಿ ತಿನ್ನುತ್ತಿದ್ದವು. ಆಮೇಲೆ ಅಲ್ಯೂಮಿನಿಯಂ ಮುಚ್ಚಳ ಬಂತು. ಟಿಟ್‌ಗಳು ಗುಂಪಾಗಿ ತಿರುಗುವ ಹಕ್ಕಿಗಳು. ಒಂದನ್ನು ನೋಡಿ ಇನ್ನೊಂದು ಕಲಿತು, ಕೊನೆಗೆ ಇಡೀ ದೇಶದ ಟಿಟ್‌ಗಳಿಗೆಲ್ಲ ಮುಚ್ಚಳ ತೂತು ಮಾಡೋ ವಿದ್ಯೆ ಬಂತು. ರಾಬಿನ್ ಮಾತ್ರ ತನ್ನ ಜಾಗಕ್ಕೆ ಇನ್ನೊಂದು ರಾಬಿನ್ ಬಂದರೆ ಕಾಳಗಕ್ಕೆ ನಿಲ್ಲುವ ಹಕ್ಕಿ. ಯಾರ ಜೊತೆಗೂ ಸೇರದೆ ಕೆನೆ ಕಳಕೊಂಡಿತು. ಆದ್ದರಿಂದ ಸಹೋದ್ಯೋಗಿಗಳೇ, ಟಿಟ್ ಆಗಿ, ರಾಬಿನ್ ಆಗಬೇಡಿ. ಚಪ್ಪಾಳೆ. ಕಾಫಿ ಬ್ರೇಕ್ :)

ಈ ರೂಪದಲ್ಲಿ ಕಥೆ ಜಗತ್ತಿಗೆಲ್ಲ ಹಬ್ಬಿದ್ದು ಆರಿ ಡಿ ಗೀಯಸ್ ಎಂಬುವರ 'ದಿ ಲಿವಿಂಗ್ ಕಂಪನಿ' ಪುಸ್ತಕದಿಂದ. ಅವರು ಶೆಲ್ ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಪುಸ್ತಕ ಬಂದದ್ದು 1997ರಲ್ಲಿ. ಆದರೆ ಕಥೆ ಅದಕ್ಕಿಂತ ಮುಕ್ಕಾಲು ಶತಮಾನ ಹಿಂದಿನದು. ಅದು ಶುರುವಾದದ್ದು ಯಾವ ಬೋರ್ಡ್ ರೂಮಿನಲ್ಲೂ ಅಲ್ಲ, ಸಾಧಾರಣ ಜನರ ಮನೆ ಬಾಗಿಲಲ್ಲಿ. ನನಗೆ ಹೇಳಬೇಕು ಅನ್ನಿಸಿದ್ದು ಆ ಬಾಗಿಲಿನ ಚರಿತ್ರೆ.

ಮೊದಲು ಹಕ್ಕಿಯ ಪರಿಚಯ. ಇಂಗ್ಲೆಂಡಿನ ನೀಲಿ ಟಿಟ್ ಅಂದರೆ ಸುಮಾರು 11 ಗ್ರಾಂ ತೂಕದ, ನಮ್ಮ ಗುಬ್ಬಿಗಿಂತಲೂ ಚಿಕ್ಕದಾದ ಹಕ್ಕಿ. ನೀಲಿ ಟೋಪಿ, ಹಳದಿ ಹೊಟ್ಟೆ. ಅದರ ದೊಡ್ಡಣ್ಣ ಗ್ರೇಟ್ ಟಿಟ್. ಇದರ ತೀರಾ ಹತ್ತಿರದ ಸಂಬಂಧಿ ನಮ್ಮಲ್ಲೂ ಇದೆ. ನಂದಿ ಬೆಟ್ಟದ ಕಡೆಗೋ ಮಲೆನಾಡಿನ ಕಡೆಗೋ ಹೋದರೆ ಕಪ್ಪು ತಲೆ, ಬಿಳಿ ಕೆನ್ನೆ, ಎದೆಯ ಮೇಲೆ ಟೈ ಕಟ್ಟಿದ ಹಾಗೆ ಕಪ್ಪು ಪಟ್ಟಿ ಇರುವ ಬೂದು ಬಣ್ಣದ ಪುಟ್ಟ ಹಕ್ಕಿ ಕೊಂಬೆಯಿಂದ ಕೊಂಬೆಗೆ ತಲೆಕೆಳಗಾಗಿ ನೇತಾಡುತ್ತಾ ಹುಳ ಹುಡುಕುವುದನ್ನು ನೋಡಬಹುದು. ಅದೇ ಚೇಕಡಿ ಹಕ್ಕಿ. ಬಹಳ ಕಾಲ ಇವೆರಡನ್ನೂ ಒಂದೇ ಜಾತಿ ಅಂತಲೇ ಎಣಿಸುತ್ತಿದ್ದರು, ಈಗ ಬೇರೆ ಮಾಡಿದ್ದಾರೆ. ಇನ್ನು ಇಂಗ್ಲೆಂಡಿನ ರಾಬಿನ್ ನಮ್ಮ ಮಡಿವಾಳ ಹಕ್ಕಿಯ ದೂರದ ನೆಂಟ.

ಇಂಗ್ಲೆಂಡಿನಲ್ಲಿ ಮನೆಯ ಸುತ್ತಲಿನ ಹಕ್ಕಿಗಳಿಗೆ ತಿನ್ನಲು ಹಾಕುವ ರೂಢಿ ಆ ಹೊತ್ತಿಗಾಗಲೇ ಬೇರೂರಿತ್ತು. ಹಿಮ ಬಿದ್ದ ಮೇಲೆ ಹಕ್ಕಿಗಳಿಗೆ ಹುಳವೂ ಇಲ್ಲ, ಕಾಳೂ ಇಲ್ಲ. 1890-91ರ ಚಳಿಗಾಲವಂತೂ ಬಹಳ ಕ್ರೂರವಾಗಿತ್ತು. ಹಕ್ಕಿಗಳಿಗೆ ಏನಾದರೂ ಹಾಕಿ ಅಂತ ಪತ್ರಿಕೆಗಳೇ ಬರೆದವು. ಲಂಡನ್ನಿನ ಥೇಮ್ಸ್ ಸೇತುವೆಗಳ ಮೇಲೆ ನಿಂತು ಜನ ಕಡಲಕ್ಕಿಗಳಿಗೆ ಆಹಾರ ಎಸೆಯುವುದನ್ನು ಡಬ್ಲ್ಯು. ಎಚ್. ಹಡ್ಸನ್ 1898ರ ತಮ್ಮ 'ಬರ್ಡ್ಸ್ ಇನ್ ಲಂಡನ್' ಪುಸ್ತಕದಲ್ಲಿ ಬರೆದಿದ್ದಾರೆ. ನಮ್ಮಲ್ಲಿ ಕಾಗೆಗೆ ಅನ್ನ ಇಡುತ್ತೇವೆ, ಆದರೆ ಅಲ್ಲಿ ಪಿತೃಗಳ ಮಾತಿಲ್ಲ. ಅಲ್ಲಿಯದು ಚಳಿಯ ಲೆಕ್ಕಾಚಾರ. ಅಂತೂ ಹಕ್ಕಿ ಬಾಗಿಲಿಗೆ ಬರುವುದು, ಒಳಗಿನವರು ಕಿಟಕಿಯಿಂದ ನೋಡುವುದು, ಎರಡೂ ಅಲ್ಲಿ ಮನೆವಾರ್ತೆಯ ಭಾಗವೇ ಆಗಿತ್ತು.

ಬೇಕಂತ ಹಾಕಿದ್ದು ಬ್ರೆಡ್ಡಿನ ಚೂರು. ಬೇಡ ಅಂದರೂ ಹಕ್ಕಿ ತಾನೇ ಬಡಿಸಿಕೊಂಡದ್ದು ಹಾಲಿನ ಕೆನೆ.

1921. ಇಂಗ್ಲೆಂಡಿನ ದಕ್ಷಿಣದಲ್ಲಿ ಸೌತಾಂಪ್ಟನ್ ಹತ್ತಿರದ ಸ್ವೇಥ್ಲಿಂಗ್ ಎಂಬ ಊರು. ಟಿಟ್‌ಗಳು ಬಾಗಿಲ ಬಳಿ ಇಟ್ಟ ಹಾಲಿನ ಬಾಟಲಿಯ ಮುಚ್ಚಳ ಎತ್ತಿ ಕುಡಿಯುವುದನ್ನು ಯಾರೋ ನೋಡಿದರು, ನೋಡಿದ್ದನ್ನು ಬರೆದಿಟ್ಟರು. ನಮಗೆ ಸಿಕ್ಕಿರುವ ಮೊದಲ ದಾಖಲೆ ಇದು. ಆಗಿನ ಮುಚ್ಚಳ ಮೇಣ ಹಚ್ಚಿದ ರಟ್ಟಿನ ಬಿಲ್ಲೆ. ಆಮೇಲೆ ಅಲ್ಯೂಮಿನಿಯಂ ಹಾಳೆಯ ಮುಚ್ಚಳ ಬಂತು. ರಟ್ಟಾದರೆ ಪದರ ಪದರವಾಗಿ ಸಿಗಿದು, ಹಾಳೆಯಾದರೆ ಕೊಕ್ಕಿನಿಂದ ಕುಟ್ಟಿ ತೂತು ಮಾಡಿ ಅಂಚು ಹಿಡಿದು ಸುಲಿದು, ಹಕ್ಕಿಗಳು ಎರಡಕ್ಕೂ ದಾರಿ ಕಂಡುಕೊಂಡವು. (ಅಂದರೆ ಮುಚ್ಚಳವಿಲ್ಲದ ಬಾಟಲಿಯಿಂದ ಶುರುವಾಗುವ ಟ್ರೈನಿಂಗ್ ಕಥೆಯ ಮೊದಲ ಸಾಲೇ ಈ ದಾಖಲೆಗೆ ಹೊಂದುವುದಿಲ್ಲ!)

ಕೆನೆಯೇ ಯಾಕೆ? ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆ ಹಕ್ಕಿಗಳಿಗೆ ಜೀರ್ಣವಾಗುವುದು ಕಷ್ಟ. ಕೆನೆಯಲ್ಲಿ ಅದು ಕಡಿಮೆ, ಕೊಬ್ಬು ಜಾಸ್ತಿ. ಅಂದಿನ ಹಾಲನ್ನು ಈಗಿನ ಹಾಗೆ ಹೊಮೊಜಿನೈಸ್ ಮಾಡುತ್ತಿರಲಿಲ್ಲ, ಕೆನೆಯೆಲ್ಲ ಮೇಲೆ ಬಂದು ಬಾಟಲಿಯ ಕತ್ತಿನಲ್ಲೇ ಕೂತಿರುತ್ತಿತ್ತು. ಹನ್ನೊಂದು ಗ್ರಾಂ ತೂಕದ ಪ್ರಾಣಿಗೆ ಚಳಿಗಾಲದ ಬೆಳಿಗ್ಗೆ ಇದಕ್ಕಿಂತ ಒಳ್ಳೆ ತಿಂಡಿ ಬೇಕೇ? (ಹಾಗಂತ ಹಕ್ಕಿಗೆ ಬಟ್ಟಲಲ್ಲಿ ಹಾಲು ಇಡಬೇಡಿ ಮತ್ತೆ! ನೀರು ಇಡಿ, ಸಾಕು.)

ಒಂದೊಂದೇ ಊರಿನಿಂದ ವರದಿ ಬರತೊಡಗಿತು. ಮನೆಯವರು ಬಾಟಲಿಯ ಮೇಲೆ ಕಲ್ಲು ಇಟ್ಟರು, ಬಟ್ಟಲು ಕವುಚಿದರು, ಬಟ್ಟೆ ಹೊದಿಸಿದರು. ಹಾಲಿನವನು ಬಂದುಹೋದ ಕೆಲವೇ ನಿಮಿಷದಲ್ಲಿ ಹಕ್ಕಿ ಹಾಜರು. ಕೆಲವು ಕಡೆ ಹಾಲಿನ ಗಾಡಿಯ ಹಿಂದೆಯೇ ಬೀದಿಯುದ್ದಕ್ಕೂ ಹಿಂಬಾಲಿಸಿ ಬರುತ್ತಿದ್ದವು. ಸರಿ ಕೌಂಟಿಯ ಮರ್ಸ್ಟಮ್ ಎಂಬಲ್ಲಿಯ ಒಂದು ಶಾಲೆಗೆ ಬಂದ 300 ಬಾಟಲಿಗಳಲ್ಲಿ 57 ಬಾಟಲಿಗಳನ್ನು ಒಂದೇ ಬೆಳಿಗ್ಗೆ ತೆರೆದಿದ್ದವು. ಕೆನೆ ಮುಗಿದು ಇನ್ನೂ ಕೆಳಗೆ ಬಗ್ಗಿದ ಹಕ್ಕಿಗಳು ತಲೆಕೆಳಗಾಗಿ ಬಿದ್ದು ಬಾಟಲಿಯೊಳಗೇ ಸತ್ತದ್ದೂ ಉಂಟು.

ಇದನ್ನೆಲ್ಲ ಒಟ್ಟು ಮಾಡಿದ್ದು ಇಬ್ಬರು. ಒಬ್ಬರು ಜೇಮ್ಸ್ ಫಿಶರ್, ಹಕ್ಕಿಗಳ ಬಗ್ಗೆ ಜನರಿಗೆ ತಿಳಿಯುವ ಹಾಗೆ ಬರೆದು ಹೆಸರಾದವರು. ಇನ್ನೊಬ್ಬರು ರಾಬರ್ಟ್ ಹೈಂಡ್, ಯುದ್ಧದಲ್ಲಿ ವಿಮಾನ ಹಾರಿಸಿ ಬಂದು ಟಿಟ್‌ಗಳ ಮೇಲೆ ಸಂಶೋಧನೆಗೆ ಕೂತ ತರುಣ. (ಚಿಂಪಾಂಜಿಗಳ ಅಧ್ಯಯನದಿಂದ ಹೆಸರಾದ ಜೇನ್ ಗುಡಾಲ್ ಅವರಿಗೆ ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮಾರ್ಗದರ್ಶಕರಾದವರು ಇದೇ ಹೈಂಡ್.) ಇವರು ಹಕ್ಕಿ ನೋಡುವ ಹವ್ಯಾಸಿಗಳಿಗೆ ಪ್ರಶ್ನಾವಳಿ ಕಳಿಸಿದರು. ನಿಮ್ಮಲ್ಲಿ ಇದು ನಡೆಯುತ್ತದೆಯೇ? ಮೊದಲು ನೋಡಿದ್ದು ಯಾವಾಗ? ಯಾವ ಹಕ್ಕಿ? ಯಾವ ಬಗೆಯ ಮುಚ್ಚಳ? ಬಂದ ಉತ್ತರಗಳನ್ನು ವರ್ಷವಾರು ಭೂಪಟದ ಮೇಲೆ ಗುರುತು ಹಾಕಿ 1949ರಲ್ಲಿ 'ಬ್ರಿಟಿಷ್ ಬರ್ಡ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಆ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರು ವಿಷಯ.

ಒಂದು, ಟಿಟ್‌ಗಳು ಹುಟ್ಟಿದ ಜಾಗದಿಂದ ಕೆಲವು ಮೈಲಿಗಳಿಗಿಂತ ದೂರ ಹೋಗುವುದು ಅಪರೂಪ. ಹಾಗಿರುವಾಗ ಹಿಂದಿನ ವರದಿಯ ಊರಿಂದ 15 ಮೈಲಿಗಿಂತ ಆಚೆ ಹೊಸ ವರದಿ ಬಂದರೆ, ಅಲ್ಲಿನ ಯಾವುದೋ ಹಕ್ಕಿ ತಾನೇ ಹೊಸದಾಗಿ ಕಂಡುಹಿಡಿದಿದೆ ಅಂತ ಎಣಿಸುವುದೇ ಸರಿ ಅಂದರು. ಅಂದರೆ ಸ್ವೇಥ್ಲಿಂಗಿನ ಒಂದು ಜಾಣ ಹಕ್ಕಿ ಇಡೀ ದೇಶಕ್ಕೆ ಗುರುವಾಯಿತು ಅನ್ನುವಂತಿಲ್ಲ. ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಹಕ್ಕಿಗಳು, ಹಲವು ಸಲ ಕಂಡುಕೊಂಡವು. ಆಮೇಲೆ ಸುತ್ತಮುತ್ತ ಹಬ್ಬಿತು.

ಎರಡು, ಟಿಟ್ ಇದಕ್ಕಾಗಿ ಹೊಸ ವಿದ್ಯೆಯನ್ನೇನೂ ಕಲಿಯಬೇಕಿರಲಿಲ್ಲ. ಮರದ ತೊಗಟೆ ಸುಲಿದು ಹುಳ ಹುಡುಕುವುದು ಅದರ ದಿನನಿತ್ಯದ ಕಸುಬು. ಸಿಗಿಯುವುದು, ಕುಟ್ಟುವುದು, ಎಳೆಯುವುದು ಎಲ್ಲ ಮೊದಲೇ ಬರುತ್ತಿತ್ತು. ಹಾಲಿನ ಮುಚ್ಚಳ ಅದಕ್ಕೆ ಇನ್ನೊಂದು ತೊಗಟೆ, ಅಷ್ಟೆ. 1949ರ ಶರತ್ಕಾಲದಲ್ಲಿ ಟಿಟ್‌ಗಳು ದಂಡುಕಟ್ಟಿ ಮನೆಗಳೊಳಗೇ ನುಗ್ಗಿ ಗೋಡೆಗೆ ಅಂಟಿಸಿದ ಕಾಗದ, ಪುಸ್ತಕ, ಕೊನೆಗೆ ಕಿಟಕಿ ಗಾಜಿನ ಪುಟ್ಟಿಯನ್ನೂ ಕಿತ್ತುಹಾಕಿದವು. ಅದರಲ್ಲಿ ಕೆನೆಯೂ ಇರಲಿಲ್ಲ, ಏನೂ ಇರಲಿಲ್ಲ. ಸಿಗಿಯುವುದು ಆ ಹಕ್ಕಿಯ ಜಾಯಮಾನ.

ಮೂರು, ಬಾಟಲಿ ತೆರೆದ ಹಕ್ಕಿಗಳ ಪಟ್ಟಿ. ಹೆಚ್ಚಿನವು ಟಿಟ್ ಜಾತಿಗಳೇ, ನಿಜ. ಆದರೆ ಒಟ್ಟು ಹನ್ನೊಂದು ಜಾತಿಗಳಿವೆ. ಗುಬ್ಬಿ ಇದೆ, ಸ್ಟಾರ್ಲಿಂಗ್ ಇದೆ. ಮತ್ತೆ... ರಾಬಿನ್ ಕೂಡ ಇದೆ!

ಯಾವ ರಾಬಿನ್ 'ತಂಡದಲ್ಲಿ ಸೇರದೆ ಕೆಟ್ಟಿತು' ಅಂತ ಜಗತ್ತಿನಾದ್ಯಂತ ಸ್ಲೈಡುಗಳಲ್ಲಿ ಛೀಮಾರಿ ಹಾಕಿಸಿಕೊಂಡಿತೋ, ಅದು ಬಾಟಲಿ ತೆರೆದದ್ದನ್ನು 1949ರಲ್ಲೇ ಬರೆದಿಟ್ಟಿದ್ದಾರೆ. ರಾಬಿನ್ನಿನ ವರದಿಗಳು ಬಹಳ ಕಡಿಮೆ, ಅದು ಸರಿ. ಆದರೆ ಅದಕ್ಕೆ ಕಾರಣ ಒಂಟಿತನವೇ ಆಗಬೇಕಿಲ್ಲ. ರಾಬಿನ್ ನೆಲದ ಮೇಲೆ ಕುಪ್ಪಳಿಸುತ್ತಾ ಹುಳ ಹೆಕ್ಕುವ ಹಕ್ಕಿ, ಸಿಗಿಯುವ ಕಸುಬಿನದಲ್ಲ. ಮರಗೆಲಸದವನಿಗೆ ಉಳಿ ಹಿಡಿಯಲು ಬರುತ್ತದೆ, ದರ್ಜಿಗೆ ಬರುವುದಿಲ್ಲ. ಅದಕ್ಕೆ ದರ್ಜಿ ಯಾರ ಜೊತೆಗೂ ಬೆರೆಯುವುದಿಲ್ಲ ಅಂತ ಅರ್ಥವೇ?

ಇನ್ನೊಂದು ಮಾತು, ಇದನ್ನು ನಮ್ಮ ಕಸುಬಿನವರು ಬೇಗ ಹಿಡಿಯುತ್ತಾರೆ. ಬಗ್ ರಿಪೋರ್ಟ್ ಆದ ದಿನವೇ ಬಗ್ ಹುಟ್ಟಿದ ದಿನ ಅಲ್ಲ ತಾನೇ? ಯಾರೋ ಗಮನಿಸಿದ ದಿನ ಅದು, ಅಷ್ಟೆ. 1921ರಲ್ಲಿ ಸ್ವೇಥ್ಲಿಂಗಿನಲ್ಲಿ ಹಕ್ಕಿ ಎಷ್ಟು ಮುಖ್ಯವೋ, ಅದನ್ನು ಗಮನಿಸಿ ಬರೆದ ಮನುಷ್ಯನೂ ಅಷ್ಟೇ ಮುಖ್ಯ. ಪಕ್ಕದ ಊರಿನಲ್ಲಿ ಅದಕ್ಕೂ ಮೊದಲೇ ಇನ್ನೊಂದು ಹಕ್ಕಿ ಕೆನೆ ಕದ್ದಿರಬಹುದು. ಆದರೆ ಅಲ್ಲಿನವರು ಬೈದು, ಬಾಟಲಿ ತೊಳೆದು ಸುಮ್ಮನಾಗಿದ್ದರೆ ಚರಿತ್ರೆಗೆ ಅದು ಇಲ್ಲವೇ ಇಲ್ಲ.

ಈಗ ನೋಡಿ ಮಜಾ. ಹೀಗೆ ಬಾಗಿಲಲ್ಲಿ ನಿಂತು ಜನ ಬರೆದಿಟ್ಟ ಸರಳ ಸಂಗತಿಗೆ ಆಮೇಲೆ ಬಂದವರು ಒಬ್ಬೊಬ್ಬರು ಒಂದೊಂದು ನೀತಿ ಅಂಟಿಸಿದರು.

ಕೆಲವು ಪಠ್ಯಪುಸ್ತಕಗಳು 'ಪ್ರಾಣಿಗಳೂ ಅನುಕರಣೆ ಮಾಡುತ್ತವೆ' ಅನ್ನುವುದಕ್ಕೆ ಇದನ್ನೇ ಪುರಾವೆ ಮಾಡಿಕೊಂಡವು. ಮ್ಯಾನೇಜ್‌ಮೆಂಟ್‌ನವರು ತಂಡದ ಪಾಠ ಮಾಡಿದರು. ರೂಪರ್ಟ್ ಶೆಲ್ಡ್ರೇಕ್ ಎಂಬ ವಿಜ್ಞಾನಿ ಇನ್ನೂ ಮುಂದೆ ಹೋದರು. ಹೈದರಾಬಾದಿನ ಇಕ್ರಿಸ್ಯಾಟ್‌ನಲ್ಲಿ ಬೆಳೆಗಳ ಮೇಲೆ ಕೆಲಸ ಮಾಡಿ, ತಮಿಳುನಾಡಿನ ಕಾವೇರಿ ದಡದ ಆಶ್ರಮವೊಂದರಲ್ಲಿ ಕೂತು ತಮ್ಮ ಮೊದಲ ಪುಸ್ತಕ ಬರೆದವರು ಇವರು. ಒಂದು ಕಡೆಯ ಜೀವಿ ಕಲಿತದ್ದು ಕಣ್ಣಿಗೆ ಕಾಣದ ಯಾವುದೋ ಕ್ಷೇತ್ರದ ಮೂಲಕ ದೂರದ ಅದೇ ಜಾತಿಯ ಜೀವಿಗೂ ಸುಲಭವಾಗುತ್ತದೆ ಅನ್ನೋದು ಅವರ ವಾದ. ಅದಕ್ಕೆ ಟಿಟ್‌ಗಳನ್ನು ಸಾಕ್ಷಿಗೆ ಕರೆದರು. ಹಾಲೆಂಡಿನಲ್ಲಿ ಯುದ್ಧದ ಕಾಲಕ್ಕೆ ಬಾಟಲಿ ಹಾಲು ನಿಂತುಹೋಗಿ, ವರ್ಷಗಳ ಮೇಲೆ ಮತ್ತೆ ಶುರುವಾದಾಗ ಹಕ್ಕಿಗಳು ಬೇಗನೆ ಮತ್ತೆ ತೂತು ಮಾಡತೊಡಗಿದ್ದನ್ನು ತೋರಿಸಿದರು. ಆದರೆ ಮೊದಲೇ ಬರುವ ಕಸುಬು, ಕಣ್ಣೆದುರಿಗೆ ಹೊಸ ತೊಗಟೆ. ಮತ್ತೆ ಕಂಡುಕೊಳ್ಳಲು ಕಾಣದ ಕ್ಷೇತ್ರ ಯಾಕೆ ಬೇಕು?

ಕೊನೆಗೆ ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಕೆನಡಾದಲ್ಲಿ ಡೇವಿಡ್ ಶೆರಿ ಮತ್ತು ಬೆನೆಟ್ ಗೇಲೆಫ್ ಎಂಬ ಇಬ್ಬರು ಟಿಟ್‌ಗಳ ಕುಟುಂಬಕ್ಕೇ ಸೇರಿದ ಚಿಕಡೀ ಹಕ್ಕಿಗಳನ್ನು ತಂದು, ಅಲ್ಯೂಮಿನಿಯಂ ಹಾಳೆ ಮುಚ್ಚಿದ ಕೆನೆಯ ಪುಟ್ಟ ಡಬ್ಬಿಗಳನ್ನು ಎದುರಿಗಿಟ್ಟರು. ಕೆಲವು ಹಕ್ಕಿಗಳು ಯಾರ ಸಹಾಯವೂ ಇಲ್ಲದೆ ತೆರೆದವು. ತೆರೆಯಲು ಬಾರದ ಹಕ್ಕಿಗಳಲ್ಲಿ ಒಂದು ಗುಂಪಿಗೆ ಇನ್ನೊಂದು ಹಕ್ಕಿ ತೆರೆಯುವುದನ್ನು ತೋರಿಸಿದರು. ಮತ್ತೊಂದು ಗುಂಪಿಗೆ ಯಾರನ್ನೂ ತೋರಿಸದೆ, ಮೊದಲೇ ತೆರೆದಿಟ್ಟ ಡಬ್ಬಿಯನ್ನಷ್ಟೇ ಕೊಟ್ಟರು. ಎರಡು ಗುಂಪಿನ ಹಕ್ಕಿಗಳೂ ಕಲಿತವು! 1984ರಲ್ಲಿ ಪ್ರಕಟವಾದ ಈ ಪ್ರಯೋಗದ ಪ್ರಕಾರ, ನೋಡಿ ಕಲಿಯಲೇಬೇಕು ಅಂತೇನಿಲ್ಲ. ಒಂದು ಹಕ್ಕಿ ತೆರೆದು ಬಿಟ್ಟುಹೋದ ಬಾಟಲಿಯೇ ಇನ್ನೊಂದಕ್ಕೆ ಪಾಠ ಆಗಬಹುದು. 1990ರ ಇನ್ನೊಂದು ಪ್ರಯೋಗದಲ್ಲಿ, ಪಕ್ಕದಲ್ಲಿ ಜೊತೆಗಾರ ಹಕ್ಕಿ ಸುಮ್ಮನೆ ಇದ್ದರೂ ಸಾಕು, ಕಲಿಕೆಗೆ ಅನುಕೂಲ ಅಂತ ಗೊತ್ತಾಯಿತು.

ಹಾಗಾದರೆ ಟಿಟ್ ಇನ್ನೊಂದು ಟಿಟ್‌ನಿಂದ ಏನೂ ಕಲಿಯುವುದಿಲ್ಲವೇ? ಅದೂ ಸುಳ್ಳೇ. ಆಕ್ಸ್‌ಫರ್ಡ್ ಪಕ್ಕದ ವೈಥಮ್ ಕಾಡಿನಲ್ಲಿ ಲೂಸಿ ಆಪ್ಲಿನ್ ಮತ್ತು ಜೊತೆಗಾರರು ಕೆಲವೇ ಗ್ರೇಟ್ ಟಿಟ್‌ಗಳಿಗೆ ಒಂದು ಪೆಟ್ಟಿಗೆಯ ಬಾಗಿಲನ್ನು ಪಕ್ಕಕ್ಕೆ ಸರಿಸಿ ಹುಳ ತಿನ್ನುವುದನ್ನು ಕಲಿಸಿ ಬಿಟ್ಟರು. ಒಂದು ಕಡೆ ಬಿಟ್ಟ ಹಕ್ಕಿಗಳಿಗೆ ಎಡಕ್ಕೆ ಸರಿಸುವುದು, ಇನ್ನೊಂದು ಕಡೆಯವಕ್ಕೆ ಬಲಕ್ಕೆ. ಅಲ್ಲಿನ ಮುಕ್ಕಾಲು ಪಾಲು ಹಕ್ಕಿಗಳು ಕಲಿತವು. ಅಷ್ಟೇ ಅಲ್ಲ, ಎಡಗಡೆಯ ಊರಿನವು ಎಡಕ್ಕೇ ಸರಿಸಿದವು, ಬಲಗಡೆಯವು ಬಲಕ್ಕೇ. 2015ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಬಂತು. ಅಂದರೆ ಹಕ್ಕಿಗಳಲ್ಲೂ 'ನಮ್ಮ ಕಡೆ ಹೀಗೆ' ಅನ್ನುವುದಿದೆ :) ಆದರೆ ಇದನ್ನು ಹೇಳಲು ಕಥೆ ಸಾಕಾಗಲಿಲ್ಲ, ಲೆಕ್ಕ ಇಟ್ಟ ಪ್ರಯೋಗವೇ ಬೇಕಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1995ರ ಒಂದು ಕೆಲಸ. ಕೆನಡಾದ ಲೂಯಿ ಲೆಫೆವ್ರ್ ಎಂಬ ವಿಜ್ಞಾನಿ ಫಿಶರ್ ಮತ್ತು ಹೈಂಡ್ ಸಂಗ್ರಹಿಸಿದ ಅದೇ ಹಳೆಯ ದಾಖಲೆಗಳನ್ನು ತೆಗೆದು ಹೊಸ ಲೆಕ್ಕಕ್ಕೆ ಹಾಕಿದರು. ಹಬ್ಬುವ ವೇಗ ಹೋಗ್ತಾ ಹೋಗ್ತಾ ಹೆಚ್ಚಿದ್ದು ನಿಜ, ಆದರೆ ಕೊಳಕ್ಕೆ ಕಲ್ಲೆಸೆದಾಗ ಅಲೆ ಹರಡುವಂತೆ ಒಂದೇ ಜಾಗದಿಂದ ಹರಡಿದ್ದಲ್ಲ ಅಂತ ಅವರ ಲೆಕ್ಕ ಹೇಳಿತು. ಯೋಚಿಸಿ. ಪ್ರಶ್ನಾವಳಿಗೆ ಉತ್ತರ ಬರೆದವರಲ್ಲಿ ಬಹಳ ಮಂದಿ ಆ ಹೊತ್ತಿಗೆ ತೀರಿಕೊಂಡಿರಬೇಕು. 'ನಮ್ಮ ಮನೆಯಲ್ಲಿ ಮೊದಲು ನೋಡಿದ್ದು ಇಂಥ ವರ್ಷ' ಅಂತ ಅವರು ಬರೆದ ಒಂದೊಂದು ಸಾಲು 46 ವರ್ಷದ ಮೇಲೂ ಕೆಲಸಕ್ಕೆ ಬಂತು. ಅದಕ್ಕೆ ಅಂಟಿಸಿದ ನೀತಿಗಳು ಒಂದೊಂದಾಗಿ ಉದುರಿದವು. ಸಾಲು ಮಾತ್ರ ಉಳಿಯಿತು.

ಈಗ ಆ ಬಾಟಲಿಗಳೂ ಹೆಚ್ಚುಕಡಿಮೆ ಹೋಗಿವೆ. ಸೂಪರ್ ಮಾರ್ಕೆಟ್ಟಿನ ಪ್ಲಾಸ್ಟಿಕ್ ಡಬ್ಬಿ, ಕೆನೆ ತೆಗೆದ ಹಾಲು, ಹೊಮೊಜಿನೈಸ್ ಮಾಡಿದ ಹಾಲು ಬಂದ ಮೇಲೆ ಬಾಗಿಲಲ್ಲಿ ಬಾಟಲಿಯೂ ಇಲ್ಲ, ಕತ್ತಿನಲ್ಲಿ ಕೆನೆಯೂ ಇಲ್ಲ. ಟಿಟ್‌ಗಳು ಮತ್ತೆ ತೊಗಟೆಗೆ, ತೋಟಗಳಲ್ಲಿ ಜನ ನೇತುಹಾಕುವ ಶೇಂಗಾ ಬೀಜಕ್ಕೆ ಮರಳಿವೆ. ಅಂದು ಬರೆದಿಡದಿದ್ದರೆ ಇಂದು ಹೋಗಿ ನೋಡಲು ಅಲ್ಲಿ ಏನೂ ಉಳಿದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ನೆನಪಾದದ್ದು ನಮ್ಮ ಗುಬ್ಬಿಗಳು. 'ಗುಬ್ಬಿ ಹೋಯ್ತು, ಮೊಬೈಲ್ ಟವರ್ ಬಂದು ಗುಬ್ಬಿ ಹೋಯ್ತು' ಅಂತ ನಾವೆಲ್ಲ ಕೇಳಿದ್ದೇವೆ, ಹೇಳಿದ್ದೇವೆ. 2018ರಲ್ಲಿ ರಜನಿಕಾಂತ್ ಅವರ '2.0' ಸಿನಿಮಾವೇ ಬಂತು. ಆದರೆ 2020ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬೇರೆಯೇ ಹೇಳಿತು. ಒಟ್ಟು ದೇಶದಲ್ಲಿ ಗುಬ್ಬಿಗಳ ಸಂಖ್ಯೆ ಕಳೆದ 25 ವರ್ಷಗಳಲ್ಲಿ ಹೆಚ್ಚುಕಡಿಮೆ ಹಾಗೇ ಇದೆ, ಕಡಿಮೆಯಾಗಿರುವುದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಟವರ್ ಕಾರಣ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಮರಿಗಳಿಗೆ ಉಣಿಸುವ ಹುಳ ಕಡಿಮೆಯಾದದ್ದು, ಗೂಡಿಗೆ ಸಂದು ಇಲ್ಲದಾದದ್ದು ಕಾರಣ ಇರಬಹುದು ಅಂದರು. ಇದನ್ನು ಹೇಳಿದ್ದು ಯಾರ ಲೆಕ್ಕದ ಮೇಲೆ? ಬಹುಪಾಲು ಹವ್ಯಾಸಿಗಳು ತಮ್ಮ ಮನೆ, ಕೆರೆ, ತೋಟಗಳಲ್ಲಿ ನೋಡಿ ಈಬರ್ಡ್ ತಾಣದಲ್ಲಿ ಬರೆದದ್ದರ ಮೇಲೆ. 2023ರ ವರದಿಗೆ 30 ಸಾವಿರಕ್ಕೂ ಹೆಚ್ಚು ಜನರ 3 ಕೋಟಿ ದಾಖಲೆಗಳು ಬಳಕೆಯಾಗಿವೆ.

ಆದರೆ ಹಿಂದಕ್ಕೆ, ನಮ್ಮ ಅಜ್ಜಿಯರ ಕಾಲಕ್ಕೆ ಹೋದರೆ ದಾಖಲೆ ತೆಳ್ಳಗಾಗುತ್ತಾ ಹೋಗುತ್ತದೆ. ಗುಬ್ಬಿಗೆ ಅಂತ ಪಡಸಾಲೆಯಲ್ಲಿ ಭತ್ತದ ತೆನೆ ಕಟ್ಟಿದವರು ನಮ್ಮವರು. ಅಕ್ಕಿ ಆರಿಸುವಾಗ ಸುತ್ತ ಎಷ್ಟು ಗುಬ್ಬಿ ಬರುತ್ತವೆ, ಫೋಟೋದ ಹಿಂದೆ ಯಾವ ತಿಂಗಳಲ್ಲಿ ಗೂಡು ಕಟ್ಟುತ್ತವೆ ಅನ್ನೋದೆಲ್ಲ ಅವರಿಗೆ ಬಾಯಿಪಾಠ. ಹಕ್ಕಿಗೆ ಉಣಿಸುವುದರಲ್ಲಿ ನಾವು ಯಾರಿಗೂ ಕಡಿಮೆಯಿರಲಿಲ್ಲ. ಬರೆದಿಡಲಿಲ್ಲ, ಅಷ್ಟೆ. ಹಾಗಾಗಿ 1949ರಲ್ಲಿ ನಮ್ಮ ಹಳ್ಳಿಯ ಒಂದು ಮನೆಯಲ್ಲಿ ಎಷ್ಟು ಗುಬ್ಬಿ ಇದ್ದವು ಅಂತ ಇವತ್ತು ಕೇಳಿದರೆ 'ತುಂಬಾ ಇದ್ವು' ಅನ್ನೋದು ಬಿಟ್ಟು ಬೇರೆ ಉತ್ತರ ಇಲ್ಲ. 'ತುಂಬಾ' ಅನ್ನೋದನ್ನು ಯಾವ ಭೂಪಟದ ಮೇಲೆ ಗುರುತು ಹಾಕೋಣ?

ಬೆಂಗಳೂರಿನಲ್ಲಿ ಬೆಳಿಗ್ಗೆ ಗೇಟಿನ ಬಳಿ ಇಟ್ಟ ಹಾಲಿನ ಪ್ಯಾಕೆಟ್ಟಿಗೆ ಕಾಗೆ ಕುಕ್ಕುವುದನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಬಿಗಿಯಾಗಿ ಮುಚ್ಚಿದ ಚೀಲದಲ್ಲಿದ್ದರೆ ಅದು ಏನು ಮಾಡುತ್ತದೆ? ನೀಲಿ ಪ್ಯಾಕೆಟ್ಟು, ಕಿತ್ತಳೆ ಪ್ಯಾಕೆಟ್ಟು ಅಂತ ಭೇದ ಮಾಡುತ್ತದೆಯೇ? ಒಂದೇ ಕಾಗೆಯೋ, ಬೀದಿಯ ಎಲ್ಲ ಕಾಗೆಗಳಿಗೂ ಗೊತ್ತೋ? ಮೈಸೂರಿನಲ್ಲೂ ಹೀಗೇನಾ, ಹುಬ್ಬಳ್ಳಿಯಲ್ಲಿ? ನೀತಿ ಏನೂ ಬೇಡ. ದಿನಾಂಕ, ಊರು, ಯಾವ ಹಕ್ಕಿ, ಏನು ಮಾಡಿತು, ಇಷ್ಟು ಬರೆದರೆ ಸಾಕು. ಕಮೆಂಟಿನಲ್ಲಿ ಬರೆಯಿರಿ, ಇಲ್ಲವೇ ನಿಮ್ಮ ಬ್ಲಾಗಿನಲ್ಲೇ ಬರೆದು ಕೊಂಡಿ ಕೊಡಿ. ನಾನು ಒಂದು ಕಡೆ ಪಟ್ಟಿ ಮಾಡಿ ಇಡ್ತೀನಿ.